ಮೂರು ಮುಕ್ಕಾಲು ನಿಮಿಷದ ಮೀಟಿಂಗು

ದಸರಾ ರಜೆ ಮುಗೀತು, ಮಿಡ್ ಟರ್ಮ್ ಮಾರ್ಕ್ಸ್ ಕಾರ್ಡು ಕೈಗೆ ಬಂತು, ಪೇರೆಂಟ್ಸ್ ಮೀಟಿಂಗೂ ಆಯ್ತು, ಅದಾದ್ಮೇಲೆ ನಂಗೆ ಬರೋ ಪತ್ರಗಳ ರಾಶಿ ನೀವು ನೋಡ್ಬೇಕು. ಹಾಗಾಗಿ ಈ ಸಲ ಟ್ಯೂಷನ್, ಮೊಬೈಲು, 'ತರಕಾರಿ ಮುಟ್ಟಲ್ಲ ಟೀಚರ್' ಅನ್ನೋ ಪ್ರಶ್ನೆಗಳ್ನೆಲ್ಲ ಪಕ್ಕಕ್ಕಿಟ್ಟು ಬರೀ ಸ್ಕೂಲು-ಮನೆ ಜಗಳಾನೇ ತಗೊಂಡಿದೀನಿ. ನಾನೇನು ದೊಡ್ಡ ಎಕ್ಸ್‌ಪರ್ಟ್ ಅಲ್ಲ, ಒಂದು ಪ್ರೈವೇಟ್ ಹೈಸ್ಕೂಲಲ್ಲಿ 32 ವರ್ಷ ಗಣಿತ ಪಾಠ ಮಾಡಿ, ಕೊನೇ ಆರು ವರ್ಷ ಎಚ್ಎಂ ಆಗಿ ಎರಡೂ ಕಡೆಯಿಂದ ಬೈಸ್ಕೊಂಡು ರಿಟೈರ್ ಆದೋಳು. ಟೇಬಲ್ಲಿನ ಆ ಕಡೆ ಕೂತಿದೀನಿ, ನನ್ನ ಮಕ್ಕಳ ಸ್ಕೂಲಲ್ಲಿ ಈ ಕಡೆ ಕ್ಯೂನಲ್ಲೂ ನಿಂತಿದೀನಿ.

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಮನೇಲೇ ಬ್ಲೌಸ್ ಹೊಲಿಯೋ ಕೆಲ್ಸ ಮಾಡ್ತೀನಿ, ಓದಿದ್ದು ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿವರೆಗೆ. ಮಗಳು ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಸ್ಕೂಲಲ್ಲಿ ಹತ್ತನೇ ಕ್ಲಾಸು. ಜುಲೈ ಮೀಟಿಂಗಲ್ಲಿ ಮುಕ್ಕಾಲು ಗಂಟೆ ಕ್ಯೂ ನಿಂತೆ, ನನ್ನ ಸರದಿ ಬಂದಾಗ ಕ್ಲಾಸ್ ಟೀಚರ್ ರಿಜಿಸ್ಟರ್ ನೋಡ್ಕೊಂಡೇ ಪಟಪಟ ಅಂತ ಇಂಗ್ಲಿಷಲ್ಲಿ ಏನೋ ಹೇಳಿದ್ರು, ನಾನು 'ಎಸ್ ಮಿಸ್, ಎಸ್ ಮಿಸ್' ಅಂತ ತಲೆ ಆಡ್ಸಿ ಎದ್ದು ಬಂದೆ. ಹೊರಗೆ ಬಂದು ಮಗಳನ್ನ ಕೇಳಿದ್ರೆ 'ಚೆನ್ನಾಗಿ ಓದ್ತಾಳೆ, ಹೀಗೇ ಇದ್ರೆ ಸಾಕು ಅಂದ್ರು ಅಮ್ಮ' ಅಂದ್ಲು. ಈಗ ನೋಡಿದ್ರೆ ಗಣಿತದಲ್ಲಿ 80ಕ್ಕೆ 31. ನಮ್ಮನೆಯೋರು 'ಮೀಟಿಂಗಿಗೆ ಹೋಗಿ ಏನ್ ಕಡಿದು ಕಟ್ಟೆ ಹಾಕ್ದೆ' ಅಂತ ಬೈದ್ರು. ಇನ್ನೊಂದ್ಸಲ ಆ ಸ್ಕೂಲ್ ಮೆಟ್ಲು ಹತ್ತೋಕೇ ನಾಚಿಕೆ ಆಗುತ್ತೆ. ಏನ್ ಮಾಡ್ಲಿ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ತಪ್ಪು ತಿಳ್ಕೋಬೇಡಿ ಕಣಮ್ಮ, ಓದಿ ಮೊದ್ಲು ನಕ್ಕುಬಿಟ್ಟೆ. ಕೇಸು ಯಾರ ಮೇಲಿದೆಯೋ ಅವರನ್ನೇ ದುಭಾಷಿ ಮಾಡ್ಕೊಂಡ್ರೆ ತೀರ್ಪು ಇನ್ನೇನು ಬರುತ್ತೆ ಹೇಳಿ. ನಿಮ್ಮ ಮಗಳು ಗಣಿತದಲ್ಲಿ ಹಿಂದೆ ಇರಬಹುದು, ತಲೆ ಮಾತ್ರ ಏನೂ ಕಮ್ಮಿ ಇಲ್ಲ.

ನಾಚಿಕೆ ವಿಷ್ಯಕ್ಕೆ ಬರೋಣ. ದಾವಣಗೆರೇಲಿ ಪಾಠ ಮಾಡೋ ಟೀಚರ್‌ಗೆ ಕನ್ನಡ ಬರಲ್ವಾ? ಬೆಣ್ಣೆದೋಸೆ ಹೋಟ್ಲಲ್ಲಿ ಅವ್ರೂ 'ಇನ್ನೊಂಚೂರು ಚಟ್ನಿ ಹಾಕಪ್ಪ' ಅಂತಾನೇ ಕೇಳೋದು. ಕೆಲವು ಸ್ಕೂಲಲ್ಲಿ ಪೇರೆಂಟ್ಸ್ ಮುಂದೆ ಇಂಗ್ಲಿಷೇ ಆಡ್ಬೇಕು ಅಂತ ಮ್ಯಾನೇಜ್‌ಮೆಂಟ್ ಕಟ್ಟಪ್ಪಣೆ ಇರುತ್ತೆ, ಎಷ್ಟೋ ಸಲ ಆ ಟೀಚರ್‌ಗೂ ಅದು ಕಷ್ಟಾನೇ, ಬಾಯಿಪಾಠ ಆಗಿರೋ ನಾಲ್ಕು ವಾಕ್ಯ ಎಲ್ಲರಿಗೂ ಒಂದೇ ಉಸ್ರಲ್ಲಿ ಒಪ್ಪಿಸ್ತಾರೆ, ಅದಕ್ಕೇ ಆ ಪಟಪಟ. ನೀವು ಕೂತ ತಕ್ಷಣ 'ಮಿಸ್, ಕನ್ನಡದಲ್ಲಿ ಹೇಳಿ, ನಂಗೆ ಸರಿಯಾಗಿ ಗೊತ್ತಾಗ್ಬೇಕು' ಅನ್ನಿ, ಅಷ್ಟೇ. 'ನಂಗೆ ಇಂಗ್ಲಿಷ್ ಬರಲ್ಲ, ಸಾರಿ' ಅಂತ ಕೈ ಮುಗಿಯೋದೆಲ್ಲ ಬೇಡ. ಹಾಗೆ ಕೇಳಿದ್ಮೇಲೆ ಹೆಚ್ಚಿನ ಟೀಚರ್‌ಗಳು ಉಸ್ಸಪ್ಪಾ ಅಂತ ಕುರ್ಚಿಗೆ ಒರಗಿ ಮಾತಾಡ್ತಾರೆ, ನಾನೇ ನೋಡಿದೀನಿ.

ಇನ್ನು ಮೀಟಿಂಗು. ಗಣಿತದೋಳು ನಾನು, ಲೆಕ್ಕ ಹಾಕ್ದೆ ಇರಕ್ಕಾಗಲ್ಲ. ಕ್ಲಾಸಲ್ಲಿ 48 ಮಕ್ಳು, ಶನಿವಾರ ಒಂಬತ್ತೂವರೆಯಿಂದ ಹನ್ನೆರಡೂವರೆ ಅಂದ್ರೆ 180 ನಿಮಿಷ, ಭಾಗಿಸಿದ್ರೆ ಒಬ್ಬರಿಗೆ ಮೂರು ಮುಕ್ಕಾಲು ನಿಮಿಷ. ಅದ್ರಲ್ಲಿ ನಮಸ್ಕಾರ, ಹೆಸರು ಹುಡುಕೋದು, ಸೈನ್ ಹಾಕೋದು ಅಂತ ಒಂದು ನಿಮಿಷ ಹೋಯ್ತು. ಉಳಿದಿದ್ರಲ್ಲಿ ಯಾರೇ ಆಗ್ಲಿ 'ಮಾತು ಜಾಸ್ತಿ, ಗಮನ ಕಮ್ಮಿ, ಇಂಪ್ರೂವ್ ಆಗ್ಬೇಕು' ಅಷ್ಟೇ ಹೇಳೋದು. ನಾನೂ ವರ್ಷಗಟ್ಲೆ ಅದನ್ನೇ ಹೇಳಿದೀನಿ, ಹೇಳೋದೇನು, 'ಇನ್ನೂ ಪ್ರಯತ್ನ ಅಗತ್ಯ' ಅಂತ ಒಂದು ರಬ್ಬರ್ ಸ್ಟಾಂಪೇ ಮಾಡಿಸ್ಕೊಂಡಿದ್ದೆ, ಕೈ ನೋವು ಅಂತ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗೋದು ನನಗೇ. ಆದ್ರಿಂದ ಮೀಟಿಂಗ್ ದಿನ ಮುಖ ಪರಿಚಯಕ್ಕೆ, ಸೈನಿಗೆ ಅಂದ್ಕೊಳ್ಳಿ, 'ಮಿಸ್, ವಾರದಲ್ಲಿ ನಿಮ್ಗೆ ಫ್ರೀ ಪಿರಿಯಡ್ ಯಾವಾಗ ಇರುತ್ತೆ, ಹತ್ತು ನಿಮಿಷ ಬರ್ತೀನಿ' ಅಂತ ಕೇಳಿ ದಿನ ಗೊತ್ತು ಮಾಡ್ಕೊಂಡು ಬನ್ನಿ.

ಆ ಹತ್ತು ನಿಮಿಷಕ್ಕೆ ಹೋದಾಗ ಮಾರ್ಕ್ಸ್ ಕಾರ್ಡು ಮನೇಲೇ ಇರ್ಲಿ, ಆನ್ಸರ್ ಪೇಪರ್ ಬೇಕು ಅಂತ ಕೇಳಿ. ನೀವು ಅಳತೆ ಬ್ಲೌಸ್ ಇಲ್ದೆ ಕತ್ತರಿ ಹಾಕ್ತೀರಾ? 'ಮೈಕೈ ತುಂಬ್ಕೊಂಡಿದಾರೆ, ಅಂದಾಜಲ್ಲಿ ಹೊಲಿಯಮ್ಮ' ಅಂದ್ರೆ ಆಗುತ್ತಾ? 80ಕ್ಕೆ 31 ಅನ್ನೋದೂ ಹಾಗೇ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಅದ್ರಲ್ಲಿ ಗೊತ್ತಾಗಲ್ಲ. ಪೇಪರ್ ಬಿಚ್ಚಿದ್ರೆ ಇಂಗ್ಲಿಷ್ ಬರ್ದೇ ಇದ್ರೂ ಎಷ್ಟೋ ಕಾಣುತ್ತೆ. ಬರ್ದು ತಪ್ಪಾಗಿದ್ಯಾ, ಬರೀದೇ ಬಿಟ್ಟಿದಾಳಾ, ಮೊದಲ್ನೇ ಪುಟದಲ್ಲಿ ದುಂಡಗಿದ್ದ ಅಕ್ಷರ ಕೊನೇಲಿ ಕಾಗೆಕಾಲಾಗಿದ್ಯಾ, ಇಷ್ಟು ನೋಡೋಕೆ ಭಾಷೆ ಯಾಕೆ.

ಒಬ್ಬ ಹುಡುಗನ ಕಥೆ ಹೇಳ್ತೀನಿ. ಪ್ರತಿ ಪೇಪರಲ್ಲೂ ಕೊನೇ 20-25 ಮಾರ್ಕ್ಸ್ ಪ್ರಶ್ನೆ ಖಾಲಿ. ನಾನು 'ಓದಿಲ್ಲ' ಅಂದೆ, ಸೈನ್ಸ್ ಮೇಷ್ಟ್ರು 'ಸೋಮಾರಿ' ಅಂದ್ರು. ಅವನ ತಾಯಿ ಒಂದಿನ ಮೂರು ಸಬ್ಜೆಕ್ಟ್ ಪೇಪರೂ ತಂದು ಸ್ಟಾಫ್‌ರೂಮ್ ಟೇಬಲ್ ಮೇಲೆ ಸಾಲಾಗಿ ಹರಡಿದ್ರು, ಮಾತೇ ಆಡ್ಲಿಲ್ಲ, ಬೆರಳು ತೋರ್ಸಿದ್ರು. ಹೆಡಿಂಗೆಲ್ಲ ಕಪ್ಪು ಪೆನ್ನು, ಉತ್ತರ ನೀಲಿ ಪೆನ್ನು, ಪ್ರಶ್ನೆ ನಂಬರಿಗೆಲ್ಲ ಸ್ಕೇಲ್ ಇಟ್ಟು ಚೌಕ, ಮುಖ್ಯ ಪದಕ್ಕೆ ಎರಡೆರಡು ಗೆರೆ. ಟ್ಯೂಷನ್ನಲ್ಲಿ ಯಾರೋ 'ಪ್ರೆಸೆಂಟೇಷನ್ ಚೆನ್ನಾಗಿದ್ರೆ ಮಾರ್ಕ್ಸ್ ತಾನಾಗೇ ಬರುತ್ತೆ' ಅಂದಿದ್ರಂತೆ, ಹುಡುಗ ಪೆನ್ನು ಬದಲಾಯ್ಸೋದ್ರಲ್ಲೇ ಅರ್ಧ ಗಂಟೆ ಕಳೀತಿದ್ದ. ಆ ಪೇಪರ್‌ಗಳನ್ನ ವ್ಯಾಲ್ಯೂ ಮಾಡಿದ್ದು ನಾವೇ, ನಮ್ಮಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರ್ಲಿಲ್ಲ ನೋಡಿ. ಒಂದೇ ಪೆನ್ನು ಅಂತ ಆರ್ಡರ್ ಆದ್ಮೇಲೆ ಮುಂದಿನ ಟೆಸ್ಟಲ್ಲಿ ಕೊನೇ ಪ್ರಶ್ನೆವರೆಗೂ ಹೋದ.

ನಿಮ್ಮ ಮಗಳದ್ದು ಇದೇ ಇರುತ್ತೆ ಅಂತಲ್ಲ, ಏನಿದೆ ಅಂತ ಪೇಪರೇ ಹೇಳ್ಬೇಕು. ಹತ್ತನೇ ಕ್ಲಾಸ್ ಬೇರೆ, ಇನ್ನೊಂದು ಮಾತೂ ಕೇಳಿ ಬನ್ನಿ: ಗಣಿತದಲ್ಲಿ ಬೋರ್ಡ್ ಪರೀಕ್ಷೆ 80ಕ್ಕೆ, ಮಿಕ್ಕ 20 ಸ್ಕೂಲಲ್ಲೇ ಹಾಕೋ ಇಂಟರ್ನಲ್, ಆ 20ರಲ್ಲಿ ಇವಳದ್ದು ಎಲ್ಲಿಗೆ ಬಂದಿದೆ, ಯಾವ ಆಕ್ಟಿವಿಟಿ ಬಾಕಿ ಇದೆ ಅಂತ. ಫೆಬ್ರವರೀಲಿ ಕೇಳಿದ್ರೆ ಉಪಯೋಗ ಇಲ್ಲ, ಈಗ್ಲೇ ಕೇಳಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ ನಿಜ, ಹಾಗಂತ ಮಗಳ ಕಿವಿಗೆ ಅದನ್ನ ಈಗ್ಲೇ ಹಾಕ್ಬೇಡಿ, ಅವಳು ಅದನ್ನೂ ಸರಿಯಾಗಿ ಅನುವಾದ ಮಾಡ್ಕೊಂಡ್ಬಿಡ್ತಾಳೆ. ಮತ್ತೆ ಹೋಗುವಾಗ ಮಗಳನ್ನ ಜೊತೇಲೇ ಕೂರಿಸ್ಕೊಳ್ಳಿ, ದುಭಾಷಿಯಾಗಿ ಅಲ್ಲ. ಮನೆಯೋರಿಗೂ ಹೇಳಿ, ಬೈಯೋಕೆ ಇರೋ ಪುರುಸೊತ್ತಲ್ಲಿ ಅವ್ರೂ ಒಂದ್ಸಲ ಬಂದು ಕ್ಯೂ ನಿಲ್ಲಬಹುದು ಅಂತ.

ಪ್ರಶ್ನೆ: ಮೇಡಂ, ನಾನು ಪ್ರೈವೇಟ್ ಹೈಸ್ಕೂಲಲ್ಲಿ ಸೈನ್ಸ್ ಟೀಚರ್, ಎರಡನೇ ವರ್ಷ. ಆರು ಸೆಕ್ಷನ್ ತಗೋತೀನಿ. ಪೇರೆಂಟ್ಸ್ ರಾತ್ರಿ ಹತ್ತೂವರೆಗೆ ಮೆಸೇಜ್ ಮಾಡ್ತಾರೆ, 'ಅರ್ಧ ಮಾರ್ಕ್ ಯಾಕೆ ಕಟ್', 'ಪಕ್ಕದ ಹುಡುಗನಿಗೆ ಹಾಕಿದೀರ ನಮ್ಮವನಿಗೆ ಯಾಕಿಲ್ಲ', ಬ್ಲೂ ಟಿಕ್ ಬಿದ್ದು ಹತ್ತು ನಿಮಿಷಕ್ಕೆ ಉತ್ತರ ಕೊಡ್ಲಿಲ್ಲ ಅಂದ್ರೆ ಪ್ರಿನ್ಸಿಪಾಲ್‌ಗೆ ಫೋನು. ನಾವಿಲ್ದೇ ಇರೋ ಇನ್ನೊಂದು ಪೇರೆಂಟ್ಸ್ ಗ್ರೂಪ್ ಇದ್ಯಂತೆ, ಅಲ್ಲಿ ನನ್ನ ಮೆಸೇಜ್ ಸ್ಕ್ರೀನ್‌ಶಾಟ್ ಹಾಕಿ ಸ್ಪೆಲ್ಲಿಂಗ್ ಮಿಸ್ಟೇಕ್‌ಗೆ ನಕ್ಕಿದಾರೆ. ಆಫೀಸಲ್ಲಿ ಹೇಳಿದ್ರೆ 'ಪೇರೆಂಟ್ಸ್ ಹತ್ರ ನೈಸಾಗಿರಿ' ಅಂತಾರೆ. ನಂಗೂ ಎರಡು ವರ್ಷದ ಮಗು ಇದೆ. ಕೆಲ್ಸ ಬಿಟ್ಬಿಡ್ಲಾ?
- ಹೆಸರು ಬೇಡ, ತುಮಕೂರು

ಉತ್ತರ: ಬಿಡೋದು ಕೊನೇ ದಾರಿ, ಅದು ಎಲ್ಲಿಗೂ ಓಡಿಹೋಗಲ್ಲ, ಇಟ್ಕೊಂಡಿರಿ. ಆರು ಸೆಕ್ಷನ್ ಅಂದ್ರೆ ಇನ್ನೂರೈವತ್ತು ದಾಟುತ್ತೆ ಮಕ್ಳು, ರಾತ್ರಿ ಹತ್ತು ಜನ ಕೇಳಿದ್ರೂ ಒಬ್ಬರಿಗೆ ಐದು ನಿಮಿಷ ಅಂದ್ರೆ ಐವತ್ತು ನಿಮಿಷ ನಿಮ್ಮ ಮಗುವಿನ ಜೋಗುಳದಿಂದ ಕಿತ್ಕೊಂಡಂಗೆ. ಇದಕ್ಕೆ ಸಂಬಳ ಯಾರೂ ಕೊಡಲ್ಲ.

ಗ್ರೂಪಲ್ಲಿ ಒಂದು ಸಾಲು ಹಾಕಿ, ಕನ್ನಡದಲ್ಲೇ ಹಾಕಿ, ಸ್ಪೆಲ್ಲಿಂಗ್ ತಂಟೆ ಇಲ್ಲ: 'ಮಕ್ಕಳ ವಿಷಯ ಮಾತಾಡೋಕೆ ಸೋಮವಾರದಿಂದ ಶುಕ್ರವಾರ ಸಂಜೆ ನಾಲ್ಕರಿಂದ ಐದು ಫೋನ್ ಮಾಡಿ.' ಹಾಕೋ ಮೊದ್ಲು ಎಚ್ಎಂ ಹತ್ರ ಓಕೆ ತಗೊಳ್ಳಿ, ಇಲ್ಲಾಂದ್ರೆ ಎರಡು ದಿನಕ್ಕೆ ನಿಮ್ಮನ್ನೇ ಬಿಟ್ಟುಕೊಡ್ತಾರೆ. ಆಮೇಲೆ ಆ ನಾಲ್ಕರಿಂದ ಐದಕ್ಕೆ ಫೋನ್ ಎತ್ತಲೇಬೇಕು, ಅದ್ರಲ್ಲಿ ಕಳ್ಳಾಟ ಬೇಡ. ಅರ್ಧ ಮಾರ್ಕಿನ ವಿಷ್ಯ ಮೆಸೇಜಲ್ಲಿ ಶುರು ಮಾಡಿದ್ರೆ ಮಹಾಭಾರತ, 'ಪೇಪರ್ ತಗೊಂಡು ಬನ್ನಿ ಸರ್, ಇಬ್ರೂ ಕೂತು ನೋಡೋಣ' ಅನ್ನಿ, ಅರ್ಧಕ್ಕರ್ಧ ಜನ ಬರೋದೇ ಇಲ್ಲ. ಬಂದೋರದ್ದು ಕೆಲವು ಸಲ ನಿಜಾನೂ ಇರುತ್ತೆ, ಆಗ ಅಲ್ಲೇ ಅವ್ರ ಮುಂದೇನೇ ತಿದ್ದಿ ಸೈನ್ ಹಾಕಿ. ನಾನೊಂದ್ಸಲ ಟೋಟಲಲ್ಲೇ ಹತ್ತು ಮಾರ್ಕ್ಸ್ ನುಂಗಿದ್ದೆ, ಗಣಿತದ ಟೀಚರು!

ಆ ಎರಡನೇ ಗ್ರೂಪಿನ ತಂಟೆಗೆ ಹೋಗ್ಬೇಡಿ. ಅದು ಊರ ಕಟ್ಟೆ ಇದ್ದಂಗೆ, ಮುಂಚೆ ಸ್ಕೂಲ್ ಗೇಟ್ ಹತ್ರ ನಿಂತು ಆಡ್ಕೋತಿದ್ರು, ಈಗ ಫೋನಲ್ಲಿ ಆಡ್ಕೋತಾರೆ.

ಆದ್ರೆ ಒಂದು ಮಾತು ನೀವೂ ಕೇಳಿಸ್ಕೋಬೇಕು. ಸ್ಕೂಲ್ ನಂಬರ್ ಫೋನಲ್ಲಿ ಬಂದ್ರೆ ಅಪ್ಪ-ಅಮ್ಮಂದ್ರಿಗೆ ಎದೆ ಧಸಕ್ ಅನ್ನುತ್ತೆ, ಯಾಕಂದ್ರೆ ಅಲ್ಲಿಂದ ಬರೋದು ಎರಡೇ, ಕಂಪ್ಲೇಂಟು ಇಲ್ಲಾ ಫೀಸು. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ, 1990ರ ಸುಮಾರು, ಪೋಸ್ಟ್ ಕಾರ್ಡಿಗೆ 15 ಪೈಸೆ, ಜಗಳೂರು ಕಡೆ ಹಳ್ಳಿಯಿಂದ ಬಂದು ಹಾಸ್ಟೆಲ್ಲಲ್ಲಿ ಇದ್ದ ಒಬ್ಬ ಹುಡುಗ ರೇಖಾಗಣಿತದ ಪ್ರಮೇಯ ಬೋರ್ಡ್ ಮೇಲೆ ತಾನೇ ಬೇರೆ ರೀತಿ ಮಾಡಿ ತೋರ್ಸಿದ, ನಂಗೆ ಖುಷಿಯಾಗಿ ಅವ್ರಪ್ಪನಿಗೆ ಎರಡು ಸಾಲು ಬರ್ದು ಹಾಕ್ದೆ. ಮೂರನೇ ದಿನ ಬೆಳಗ್ಗೆ ಪ್ರೇಯರ್ ಹೊತ್ತಿಗೆ ಆ ಮನುಷ್ಯ ಮೊದಲ್ನೇ ಬಸ್ಸಿಗೆ ಬಂದು ಗೇಟಲ್ಲಿ ನಿಂತಿದ್ರು, ಮುಖ ಬೆಳ್ಳಗಾಗಿತ್ತು. ಓದು ಬರಲ್ಲ ಅವ್ರಿಗೆ, ಓದಿ ಹೇಳೋರು ಊರಲ್ಲಿರ್ಲಿಲ್ಲ, ಸ್ಕೂಲಿಂದ ಕಾರ್ಡ್ ಬಂದಿದೆ ಅಂದ್ರೆ ಮಗನಿಗೆ ಏನೋ ಆಗಿದೆ ಅಂತಾನೇ ಹೊರಟುಬಂದಿದ್ರು. ನಾನು ಕಾರ್ಡ್ ಓದಿ ಹೇಳಿದೆ. 'ಇಷ್ಟೇನಾ' ಅಂದ್ರು. ಇನ್ನೊಂದ್ಸಲ ಓದಿಸ್ಕೊಂಡ್ರು. ಆ ವರ್ಷ ಶೇಂಗಾ ಕಿತ್ತಾಗ ಒಂದು ಚೀಲ ಸ್ಟಾಫ್‌ರೂಮಿಗೆ ಬಂತು, ಆಮೇಲೆ ಆ ಹುಡುಗನ ಬಗ್ಗೆ ನಾನೇನ್ ಕಂಪ್ಲೇಂಟ್ ಹೇಳಿದ್ರೂ ಅವ್ರು ಒಂದ್ಸಲಾನೂ ಎದುರು ಮಾತಾಡ್ಲಿಲ್ಲ.

ನೀವು ಕಾರ್ಡ್ ಬರೀಬೇಕಿಲ್ಲ. ದಿನಕ್ಕೆ ಒಬ್ಬರಿಗೆ ಒಂದು ಮೆಸೇಜು, 'ನಿಮ್ಮ ಮಗಳು ಇವತ್ತು ಲ್ಯಾಬಲ್ಲಿ ಒಳ್ಳೆ ಪ್ರಶ್ನೆ ಕೇಳಿದ್ಲು', ಅಷ್ಟು ಸಾಕು. ಎಲ್ಲರಿಗೂ ಒಂದೇ ಹೊಗಳಿಕೆ ಕಾಪಿ ಪೇಸ್ಟ್ ಮಾಡ್ಬೇಡಿ ಮಾತ್ರ, ಆ ಎರಡನೇ ಗ್ರೂಪಲ್ಲಿ ಸಿಕ್ಕಿಬೀಳ್ತೀರಿ.

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು, ವಯಸ್ಸು 13. ಎರಡನೇ ಕಂತಿನ ಫೀಸ್ ಲೇಟಾಗಿದೆ, ಅಂಗಡಿ ವ್ಯಾಪಾರ ಈ ವರ್ಷ ಬಿದ್ದೋಗಿದೆ. ಕ್ಲಾಸಲ್ಲಿ ಫೀಸ್ ಕಟ್ದೇ ಇರೋ ಮಕ್ಕಳನ್ನ ಎದ್ದು ನಿಲ್ಸಿ ಹೆಸರು ಓದ್ತಾರಂತೆ. ಮಗ ಎರಡು ದಿನದಿಂದ ಹೊಟ್ಟೆನೋವು ಅಂತ ಹೋಗ್ತಿಲ್ಲ. ಸರ್ಕಾರಿ ಶಾಲೇಲಿ ಎಸ್‌ಡಿಎಂಸಿ ಅಂತ ಪೋಷಕರ ಸಮಿತಿ ಇರುತ್ತಲ್ಲ ಹಾಗೆ ಇಲ್ಲಿ ಯಾರನ್ನ ಕೇಳೋದು? ಜಗಳ ಮಾಡಿದ್ರೆ ಮಗನ ಮೇಲೆ ತೀರಿಸ್ಕೋತಾರೆ ಅಂತ ಭಯ.
- ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಆ ಹೊಟ್ಟೆನೋವಿಗೆ ಡಾಕ್ಟರ್ ಬೇಡ, ನಿಮಗೂ ಗೊತ್ತಿದೆ. ಫೀಸು ನಿಮ್ದು ಮತ್ತು ಆಫೀಸಿಂದು ಲೆಕ್ಕ, ಹುಡುಗನನ್ನ ಮಧ್ಯ ತರೋದು ತಪ್ಪು, ಅದ್ರಲ್ಲಿ ಎರಡು ಮಾತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಆರ್‌ಟಿಇ ಅಂತಾರಲ್ಲ, ಅದ್ರ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯೋದೂ ಇಲ್ಲ, ಮಾನಸಿಕ ಹಿಂಸೆ ಕೊಡೋದೂ ಇಲ್ಲ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ನಿಮ್ಮ ಮಗ ಅದ್ರೊಳಗೇ ಬರ್ತಾನೆ. ಎಸ್‌ಡಿಎಂಸಿ ತರ ಸಮಿತಿ ಮಾತ್ರ ಅನುದಾನ ಇಲ್ಲದ ಖಾಸಗಿ ಶಾಲೆಗೆ ಆ ಕಾಯ್ದೇಲಿ ಕಡ್ಡಾಯ ಇಲ್ಲ, ಆ ಬಾಗಿಲು ಬಹಳ ಕಡೆ ಮುಚ್ಚಿರುತ್ತೆ, ಇದ್ರೂ ಮ್ಯಾನೇಜ್‌ಮೆಂಟಿಗೆ ಬೇಕಾದೋರೇ ಇರ್ತಾರೆ.

ಕ್ಲಾಸ್ ಟೀಚರ್ ಮೇಲೆ ಕೂಗಾಡ್ಬೇಡಿ, ಲಿಸ್ಟ್ ಅವ್ರಿಗೆ ಆಫೀಸಿಂದ ಬಂದಿರುತ್ತೆ, ಎಷ್ಟೋ ಕಡೆ ವಸೂಲಿ ಆಗ್ದಿದ್ರೆ ಅವ್ರೂ ಬೈಸ್ಕೋತಾರೆ. ಒಂದು ಬಿಳಿ ಹಾಳೇಲಿ ಎಚ್ಎಂಗೆ ಪತ್ರ ಬರೀರಿ: ಇಷ್ಟು ಬಾಕಿ ಇದೆ, ಇಂಥ ತಾರೀಕಿಗೆ ಇಷ್ಟು, ಇಂಥ ತಾರೀಕಿಗೆ ಉಳಿದಿದ್ದು ಕಟ್ತೀನಿ, ಅಲ್ಲೀವರೆಗೂ ಈ ವಿಷ್ಯ ನನ್ನ ಹತ್ರ ಮಾತ್ರ ಮಾತಾಡಿ, ಮಗನನ್ನ ನಿಲ್ಲಿಸ್ಬೇಡಿ. ಎರಡು ಕಾಪಿ, ಒಂದ್ರ ಮೇಲೆ ಸೀಲು ಸೈನು ಹಾಕಿಸ್ಕೊಳ್ಳಿ. ಸೀಲ್ ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳ್ಸಿ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ, ಕಾಗದ ನೋಡಿದ್ರೆ ಆಫೀಸಿನ ದನಿ ಮೆತ್ತಗಾಗುತ್ತೆ, ನಾನು ಆ ಕುರ್ಚೀಲಿ ಕೂತಿದ್ದೋಳು ಅದಕ್ಕೇ ಹೇಳ್ತಿದೀನಿ. ಹೇಳಿದ ತಾರೀಕಿಗೆ ಸ್ವಲ್ಪ ಆದ್ರೂ ಕಟ್ಟಿ ರಸೀದಿ ಇಟ್ಕೊಳ್ಳಿ. ಇಷ್ಟಾದ್ಮೇಲೂ ನಿಲ್ಲಿಸಿದ್ರೆ ಅದೇ ಕಾಪಿ ಹಿಡ್ಕೊಂಡು ಬಿಇಓ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸು, ಅಲ್ಲಿಂದ ಮೇಲೆ ಡಿಡಿಪಿಐ ಅಂದ್ರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೀಬಹುದು. ತೀರಿಸ್ಕೋತಾರೆ ಅನ್ನೋ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಆದ್ರೆ ಪತ್ರ ಕೊಟ್ಟಿರೋ ಪೋಷಕರ ಮಗುವನ್ನ ಮುಟ್ಟೋ ಮುಂಚೆ ಆಫೀಸಲ್ಲಿ ಎರಡು ಸಲ ಯೋಚನೆ ಮಾಡ್ತಾರೆ. ಮತ್ತೆ ಇವತ್ತು ರಾತ್ರೀನೇ ಮಗನಿಗೆ ಹೇಳಿ, 'ಫೀಸು ಅಪ್ಪನ ಕೆಲ್ಸ, ನಿಂದಲ್ಲ' ಅಂತ.

ಪ್ರಶ್ನೆ: ಟೀಚರ್, ನಾ ಒಂಬತ್ತನೇತ್ತಾ ಅದೀನ್ರಿ. ಹೋಂವರ್ಕ್ ಮಾಡಿಲ್ಲಂತ ಸರ್ ಡೈರಿಯೊಳಗ ರಿಮಾರ್ಕ್ ಬರದಿದ್ರು, ಪಪ್ಪಾನ ಸೈನ್ ನಾನಾ ಹಾಕೀನ್ರಿ. ಒಂದಲ್ಲ, ಮೂರ್ ಸಲ. ಈಗ ಶನಿವಾರ ಪಪ್ಪಾ ಮೀಟಿಂಗಿಗೆ ಬರಾಕತ್ತಾರ. ಏನ್ ಮಾಡ್ಲಿ?
- ಹೆಸರು ಹಾಕಬ್ಯಾಡ್ರಿ, ಹುಬ್ಬಳ್ಳಿ

ಉತ್ತರ: ಏ ತಮ್ಮಾ, ಈ ಪತ್ರಿಕೆ ನಿಮ್ಮನೆಗೂ ಬರುತ್ತೇನೋ? ಶನಿವಾರದೊಳಗೆ ನೀನೇ ಹೇಳ್ಬಿಡು. ಶುಕ್ರವಾರ ರಾತ್ರಿ ಬೇಡ, ಆಗ ಸಿಕ್ಕಿಬೀಳೋ ಭಯಕ್ಕೆ ಹೇಳಿದಂಗೆ ಕಾಣುತ್ತೆ, ಬುಧವಾರ ಗುರುವಾರ ಪಪ್ಪ ಊಟ ಮಾಡಿ ಸಮಾಧಾನವಾಗಿ ಕೂತಾಗ ಡೈರಿ ಮುಂದೆ ಇಟ್ಟು ಮೂರೂ ಪುಟ ತೋರ್ಸು. ಒಂದೆರಡು ಬೀಳಬಹುದು, ಬೈಗುಳ ಅಂತೀನಿ. ಇನ್ನು ನಿಮ್ಮ ಸರ್‌ಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ನಾನು 32 ವರ್ಷದಲ್ಲಿ ನೋಡಿರೋ ಕಳ್ಳ ಸೈನ್‌ಗಳಲ್ಲಿ ಒಂದು ಗುರುತು ಇರುತ್ತೆ, ಅಸಲಿ ಸೈನ್‌ಗಿಂತ ಅದೇ ನೀಟಾಗಿರುತ್ತೆ.

ಪ್ರಶ್ನೆ: ನನಗೆ 71 ವರ್ಷ. ಮಗ ಸೊಸೆ ಮಸ್ಕತ್‌ನಲ್ಲಿ, ಮೊಮ್ಮಗಳು ನಮ್ಮೊಟ್ಟಿಗೆ ಇಲ್ಲಿ ಎಂಟನೇ ಕ್ಲಾಸು. ಶಾಲೆಯ ನೋಟಿಸೆಲ್ಲ ಆ್ಯಪಿನಲ್ಲಿ ಬರುವುದು, ಆ್ಯಪು ಉಂಟು ಮಗನ ಫೋನಿನಲ್ಲಿ, ನನ್ನದು ಗುಂಡಿ ಒತ್ತುವ ಫೋನು. ಮೊನ್ನೆ 'ನಾಳೆ ಚಾರ್ಟ್ ಪೇಪರ್ ತರಬೇಕು' ಅಂತ ರಾತ್ರಿ ಒಂಬತ್ತಕ್ಕೆ ಹಾಕಿದರಂತೆ, ಮಗ ಡ್ಯೂಟಿ ಮುಗಿಸಿ ನೋಡಿ ನಮಗೆ ಫೋನ್ ಮಾಡುವಾಗ ಇಲ್ಲಿ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಪುತ್ತೂರಿನಲ್ಲಿ ಯಾವ ಅಂಗಡಿ ತೆರೆದಿರ್ತದೆ ಮಾರಾಯ್ರೆ? ಮಗು ಅಳುತ್ತಾ ಹೋಯಿತು.
- ಒಬ್ಬ ಅಜ್ಜ, ಪುತ್ತೂರು

ಉತ್ತರ: ಅಜ್ಜಾ, ರಾತ್ರಿ ಒಂಬತ್ತಕ್ಕೆ 'ನಾಳೆ ತನ್ನಿ' ಅನ್ನೋ ನೋಟಿಸಿಗೆ ಮಸ್ಕತ್ ಯಾಕೆ, ಶಾಲೆಯ ಎದುರು ಮನೆಯೋರಿಗೂ ಚಾರ್ಟ್ ಪೇಪರ್ ಸಿಗಲ್ಲ. ಅದು ಟೀಚರ್ ಪ್ಲಾನಿಂಗಿನ ತಪ್ಪು, ನಮ್ಮ ಜಾತಿಯೋರ ಹಳೇ ಚಾಳಿ.

ಮಗನ ಹತ್ರ 'ಇಲ್ಲಿ ಮಗುವಿನ ಜವಾಬ್ದಾರಿ ನಮ್ಮ ತಂದೆಯವರದು, ಅವರನ್ನೇ ಲೋಕಲ್ ಗಾರ್ಡಿಯನ್ ಅಂತ ತಿಳಿಯಿರಿ' ಅಂತ ಒಂದು ಪತ್ರ ಸೈನ್ ಮಾಡಿಸಿ ತರ್ಸಿ ಶಾಲೆಗೆ ಕೊಡಿ, ನಿಮ್ಮ ನಂಬರ್ ಎರಡನೇ ನಂಬರಾಗಿ ಸೇರಿಸಿ ಅಂತ ಕೇಳಿ. ಆಮೇಲೆ ಕ್ಲಾಸ್ ಟೀಚರನ್ನ ಒಂದ್ಸಲ ಖುದ್ದಾಗಿ ನೋಡಿ, 'ನೀವು ಆ್ಯಪಿನಲ್ಲಿ ಹಾಕುವುದು ನನಗೆ ಕಾಣುದಿಲ್ಲ, ಡೈರಿಯಲ್ಲಿ ಬರೆಸಿ ಕಳಿಸಿ' ಅನ್ನಿ. ಹಿರಿಯರು ಮನೆಯಿಂದ ನಡ್ಕೊಂಡು ಬಂದು ಕೇಳಿದ್ರೆ ಇಲ್ಲ ಅನ್ನೋ ಟೀಚರನ್ನ ನಾನು ನೋಡಿಲ್ಲ. ಅದೇ ಕ್ಲಾಸಿನ ಮಗು ಅಕ್ಕಪಕ್ಕದಲ್ಲಿ ಇದ್ರೆ ಆ ತಾಯಿಗೂ ಹೇಳಿಡಿ, ನೋಟಿಸ್ ಬಂದ ಕೂಡ್ಲೆ ಒಂದು ಮಿಸ್ಡ್ ಕಾಲ್ ಕೊಡ್ತಾರೆ. ಸ್ಮಾರ್ಟ್‌ಫೋನ್ ತಗೊಳ್ಳಿ ಅಂತ ನಾನು ಹೇಳಲ್ಲ, ತಗೊಂಡ್ರೆ ಅದು ಮೊಮ್ಮಗಳ ಕೈಯಲ್ಲೇ ಇರುತ್ತೆ.

ಅಲ್ಲೀವರೆಗೆ ಬಿಳಿ ಚಾರ್ಟು ಎರಡು, ಬಣ್ಣದ್ದು ಎರಡು, ಒಂದು ಗಮ್ ಬಾಟ್ಲಿ, ಸ್ಕೆಚ್ ಪೆನ್ ಸೆಟ್ಟು ತಂದು ಮನೇಲಿ ಇಟ್ಕೊಳ್ಳಿ. ಚಾರ್ಟನ್ನ ಸುತ್ತಿ ಬೀರು ಹಿಂದೆ ನಿಲ್ಸಿ, ಮಡಚಬೇಡಿ. ಗಮ್ ಮುಚ್ಚಳ ಗಟ್ಟಿಯಾಗಿ ತಿರುಗ್ಸಿ ಹಾಕಿ, ಮಕ್ಳು ಹಾಕಲ್ಲ, ಒಣಗಿ ಕಲ್ಲಾಗುತ್ತೆ.